ಇವಿಡಿ ಕಲಿಸೋಕೆ ವಿಆರ್ ಹೆಡ್‌ಸೆಟ್ ಬೇಕಾ, ತ್ರೀಡಿ ಪ್ರಿಂಟ್ ಬುರುಡೆ ಸಾಕಾ?

ಸ್ಕಿಲ್‌ಲ್ಯಾಬ್_ಹುಬ್ಬಳ್ಳಿ:
ಎಲ್ಲರಿಗೂ ನಮಸ್ಕಾರ. ಕಾಲೇಜಿನ ಸ್ಕಿಲ್ ಲ್ಯಾಬಿನಲ್ಲಿ ನ್ಯೂರೋಸರ್ಜರಿಗೆ ಅಂತ ಒಂದು ಕೋಣೆ ಸಿಕ್ಕಿದೆ. ಬಳಸುವವರು ಮೂರು ತರ: ಕೊನೇ ವರ್ಷದ ಎಂಬಿಬಿಎಸ್‌ನವರು ಮತ್ತು ಇಂಟರ್ನ್‌ಗಳು, ಜನರಲ್ ಸರ್ಜರಿ ಪಿಜಿಗಳು, ಎಂಸಿಎಚ್ (ನ್ಯೂರೋಸರ್ಜರಿಯ ಉನ್ನತ ಪದವಿ) ಮೊದಲ ವರ್ಷದವರು. ಮಂಜೂರಾಗಿರುವುದು ಎಂಟು ಲಕ್ಷ. ವೆಂಡರ್ ಒಬ್ಬರು ಎರಡು ವಿಆರ್ ಹೆಡ್‌ಸೆಟ್ಟು, ಸಾಫ್ಟ್‌ವೇರ್ ಲೈಸೆನ್ಸು ಸೇರಿಸಿ ಎಂಟಕ್ಕೆ ಎಂಟನ್ನೂ ನುಂಗುವ ಕೊಟೇಶನ್ ಕೊಟ್ಟಿದ್ದಾರೆ, ಲೈಸೆನ್ಸ್ ವರ್ಷಾ ವರ್ಷಾ ಕಟ್ಟಬೇಕಂತೆ. ಇವಿಡಿ (ಮಿದುಳಿನ ವೆಂಟ್ರಿಕಲ್, ಅಂದರೆ ಒಳಗಿನ ದ್ರವದ ಕೋಣೆಗೆ ಕ್ಯಾಥೆಟರ್ ಇಳಿಸಿ ದ್ರವ ಹೊರಗೆ ಹರಿಸುವುದು), ಬರ್ ಹೋಲ್ (ಬುರುಡೆಯಲ್ಲಿ ತೂತು ಕೊರೆಯುವುದು), ಮೈಕ್ರೋ ಹೊಲಿಗೆ (ಮೈಕ್ರೋಸ್ಕೋಪಿನ ಕೆಳಗೆ ಸಣ್ಣ ರಕ್ತನಾಳ ಹೊಲಿಯುವುದು), ಈ ಮೂರನ್ನು ಕಲಿಸೋಕೆ ನಿಜವಾಗಿ ಏನು ಬೇಕು? ತಿಳಿದವರು ಬಿಡಿಸಿ ಹೇಳಿ.

ಮೊನ್ರೋ_ರಂಧ್ರ:
ಸಾಧನದ ಮಾತು ಆಮೇಲೆ, ಮೊದಲು ಕೆಲಸವನ್ನು ಬಿಡಿಸಿ ನೋಡಿ. ಇವಿಡಿಯಲ್ಲಿ ಇರೋದು ಮೂರು ಲೆಕ್ಕ: ಎಲ್ಲಿ ಕೊರೆಯಬೇಕು, ಯಾವ ಕೋನದಲ್ಲಿ ಇಳಿಸಬೇಕು, ಎಷ್ಟು ಆಳಕ್ಕೆ ನಿಲ್ಲಿಸಬೇಕು. ಇವುಗಳ ಮೇಲೆ ಕೈಯ ಹದ.

ಮೂಗಿನ ಬುಡದ ನೇಸಿಯಾನ್‌ನಿಂದ ನಡುಗೆರೆಯ ಮೇಲೆ ಹಿಂದಕ್ಕೆ 11 ಸೆಂ.ಮೀ., ಅಲ್ಲಿಂದ ಪಕ್ಕಕ್ಕೆ 3 ಸೆಂ.ಮೀ. ಅದು ಕೋಚರ್ ಬಿಂದು, ಕೊರೋನಲ್ ಸೂಚರಿಗಿಂತ (ಬುರುಡೆ ಮೂಳೆಗಳು ಸೇರುವ ಮುಂದಿನ ಅಡ್ಡಗೆರೆ) 1ರಿಂದ 2 ಸೆಂ.ಮೀ. ಮುಂದೆ ಬೀಳುತ್ತದೆ. ಮುಂದಿನಿಂದ ನೋಡಿದರೆ ಕ್ಯಾಥೆಟರ್ ಅದೇ ಬದಿಯ ಕಣ್ಣಿನ ಒಳಮೂಲೆಯತ್ತ, ಪಕ್ಕದಿಂದ ನೋಡಿದರೆ ಕಿವಿಯ ಟ್ರೇಗಸ್ಸಿನತ್ತ (ಕಿವಿತೂತಿನ ಮುಂದಿನ ಚಿಕ್ಕ ಉಬ್ಬು) ಇಳಿಯಬೇಕು. ಮೂಳೆಯ ಹೊರಮೈಯಿಂದ 6 ಸೆಂ.ಮೀ. ಒಳಗೆ ನಿಲ್ಲಬೇಕು. 7 ದಾಟಿದರೆ ಮೂರನೇ ವೆಂಟ್ರಿಕಲ್ಲಿನ ತಳ, ಅದರ ಕೆಳಗೆ ಬೇಸಿಲಾರ್ ಧಮನಿ, ಅಲ್ಲಿ ಯಾರಿಗೂ ಕೆಲಸವಿಲ್ಲ.

ಇಷ್ಟು ಸರಳವಾಗಿದ್ದೂ ಗುರಿ ತಪ್ಪುತ್ತದೆ. ಅಮೆರಿಕದ ಫೀನಿಕ್ಸಿನ ತಂಡ 2008ರಲ್ಲಿ ಪ್ರಕಟಿಸಿದ 346 ರೋಗಿಗಳ ಲೆಕ್ಕದಲ್ಲಿ ತುದಿ ಸರಿಯಾದ ಜಾಗದಲ್ಲಿದ್ದದ್ದು, ಅಂದರೆ ಗ್ರೇಡ್ 1, ಶೇ. 77ರಲ್ಲಿ ಮಾತ್ರ. ತಪ್ಪು ಹುಟ್ಟುವುದು ಬಹುಮಟ್ಟಿಗೆ ಡ್ರೇಪ್ ಹಾಕುವುದಕ್ಕೂ ಮೊದಲೇ. ತಲೆ ಒಂದು ಕಡೆಗೆ ವಾಲಿರುತ್ತದೆ, ನಡುಗೆರೆಯನ್ನು ಕೂದಲ ಬೈತಲೆ ನೋಡಿ ಅಂದಾಜು ಮಾಡಿರುತ್ತಾರೆ, ಅಲ್ಲಿಂದ ಅಳೆದ 3 ಸೆಂ.ಮೀ. ನಿಜದಲ್ಲಿ 2 ಅಥವಾ 4 ಆಗಿರುತ್ತದೆ. ಇನ್ನೊಂದು, ಟ್ವಿಸ್ಟ್ ಡ್ರಿಲ್ಲಿನ ತೂತು ಕಿರಿದು. ಓರೆಯಾಗಿ ಕೊರೆದರೆ ಕ್ಯಾಥೆಟರ್ ಕೂಡ ಅದೇ ಓರೆಯಲ್ಲಿ ಹೋಗುತ್ತದೆ. ಆಮೇಲೆ ಕೈ ಎಷ್ಟು ತಿರುಗಿಸಿದರೂ ಮೂಳೆ ಬಿಡುವುದಿಲ್ಲ.

ಎಲ್ಲಿ, ಯಾವ ಕೋನ, ಎಷ್ಟು ಆಳ ಅನ್ನೋದನ್ನು ವಿಆರ್ ಚೆನ್ನಾಗಿಯೇ ತೋರಿಸುತ್ತದೆ. ವೆಂಟ್ರಿಕಲ್ ತಲೆಯೊಳಗೆ ಹೇಗೆ ಕೂತಿದೆ ಅನ್ನೋದು ಹತ್ತು ನಿಮಿಷದಲ್ಲಿ ತಲೆಗೆ ಹೋಗುತ್ತದೆ. ಆದರೆ ಮಾಮೂಲಿ ಹೆಡ್‌ಸೆಟ್ಟಿನ ಕಂಟ್ರೋಲರ್ ಬರೀ ನಡುಗುತ್ತದೆ, ಎದುರು ಒತ್ತುವುದಿಲ್ಲ. ಡ್ರಿಲ್ಲು ಒಳಪದರ ದಾಟುವಾಗ ಕೈ ತಡೆಯಬೇಕಾದ ಆ ಕ್ಷಣ ಅದರಲ್ಲಿ ಇಲ್ಲವೇ ಇಲ್ಲ. ಬಲವನ್ನು ಹಿಂದಿರುಗಿಸುವ ಹ್ಯಾಪ್ಟಿಕ್ ಯಂತ್ರಗಳಿವೆ, ಕೆನಡಾದ ನ್ಯೂರೋವಿಆರ್ ಅಂಥದ್ದು, ಅದು ನಿಮ್ಮ ಎಂಟು ಲಕ್ಷಕ್ಕೆ ಬರಲ್ಲ. ಒಂದು ಹೆಡ್‌ಸೆಟ್ ಕೊಳ್ಳಿ, ಉಳಿದ ದುಡ್ಡು ಫ್ಯಾಂಟಮ್ಮಿಗೆ, ಅಂದರೆ ಅಭ್ಯಾಸದ ಕೃತಕ ತಲೆಗೆ ಇಡಿ.

ಪದರ_ಪದರ_ಮಂಗಳೂರು:
ಬುರುಡೆ ಪ್ರಿಂಟ್ ಮಾಡುವ ವಿಷಯ ನಾನು ಹೇಳ್ತೇನೆ. ಸಿಟಿ ಸ್ಲೈಸ್ 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಇರಲಿ, 5 ಮಿ.ಮೀ. ಸ್ಲೈಸಿನಿಂದ ಮಾಡಿದ್ದು ಮೆಟ್ಟಿಲು ಮೆಟ್ಟಿಲಾಗಿ ಬರ್ತದೆ. ಬೋನ್ ಕರ್ನಲ್ ಫೈಲ್ ನೋಡ್ಲಿಕ್ಕೆ ಚೂಪು, ಆದ್ರೆ ಗದ್ದಲ ಜಾಸ್ತಿ, ಸಾಫ್ಟ್ ಕರ್ನಲ್‌ನದ್ದೇ ತೆಗೆದುಕೊಳ್ಳಿ. ತ್ರೀಡಿ ಸ್ಲೈಸರ್ ಪುಕ್ಕಟೆ ತಂತ್ರಾಂಶ. ಅದರ ಸೆಗ್ಮೆಂಟ್ ಎಡಿಟರಿನಲ್ಲಿ ಥ್ರೆಶೋಲ್ಡ್ 250 ಎಚ್‌ಯು (ಸಿಟಿಯಲ್ಲಿ ಸಾಂದ್ರತೆಯ ಅಳತೆ) ಆಸುಪಾಸು ಇಟ್ಟರೆ ಮೂಳೆ ಬರ್ತದೆ. ಕಣ್ಣುಗೂಡಿನ ಮೇಲ್ಛಾವಣಿ ತೆಳುವಾದ್ದರಿಂದ ಅಲ್ಲಿ ತೂತು ಬೀಳ್ತದೆ. ಇವಿಡಿಗೆ ಅದು ಮುಖ್ಯ ಅಲ್ಲ, ಬಿಡಿ. ಸಿಟಿ ಟೇಬಲ್ಲು, ತಲೆದಿಂಬಿನ ಚೂರುಗಳು ಹೋಗಲಿಕ್ಕೆ ದೊಡ್ಡ ತುಂಡೊಂದನ್ನೇ ಉಳಿಸುವ ಆಯ್ಕೆ ಕೊಡಿ. ಆಮೇಲೆ ಎಸ್‌ಟಿಎಲ್, ಅಂದ್ರೆ ಪ್ರಿಂಟಿಗೆ ಬೇಕಾದ ಆಕಾರದ ಫೈಲ್, ಮಾಡಿ.

ಹೊಸಬರು ಮಾಡುವ ತಪ್ಪು ಅಂದ್ರೆ ಒಬ್ಬೊಬ್ಬನಿಗೂ ಪೂರ್ತಿ ಬುರುಡೆ ಪ್ರಿಂಟ್ ಮಾಡುವುದು. ಬೇಡ. ಬುರುಡೆ ಒಂದೇ ಸಾಕು. ಕೋಚರ್ ಬಿಂದುವಿನ ಸುತ್ತ 50 ಮಿ.ಮೀ. ಚೌಕದ ಕಿಟಕಿ ಬಿಟ್ಟು, ಅಲ್ಲಿ ಕೂರುವ ಬಾಗಿದ ಬಿಲ್ಲೆಗಳನ್ನು ಮಾತ್ರ ಡಜನ್‌ಗಟ್ಟಲೆ ಪ್ರಿಂಟ್ ಮಾಡಿ. ಬಿಲ್ಲೆಯ ದಪ್ಪ 6ರಿಂದ 7 ಮಿ.ಮೀ. ಮೇಲೂ ಕೆಳಗೂ 1.5 ಮಿ.ಮೀ. ಗಟ್ಟಿ ಪದರ, ನಡುವೆ ಶೇ. 35 ಗೈರಾಯ್ಡ್ ಇನ್‌ಫಿಲ್ (ಒಳಗೆ ತುಂಬುವ ಜಾಳು ವಿನ್ಯಾಸ). ಆಗ ಹೊರಪದರ ಗಟ್ಟಿ, ನಡುಪದರ ಡಿಪ್ಲೋ ಸಡಿಲ, ಒಳಪದರ ಮತ್ತೆ ಗಟ್ಟಿ, ಡ್ರಿಲ್ಲಿಗೆ ಎರಡು ಸಲ ತಡೆ ಸಿಗ್ತದೆ. ಇಡೀ ಗಟ್ಟಿ ಪ್ರಿಂಟ್ ಮಾಡಿದ್ರೆ ಈ ವ್ಯತ್ಯಾಸ ಸಿಗಲಿಕ್ಕಿಲ್ಲ. ಒಳಮೈಗೆ ಸರ್ಜಿಕಲ್ ಗ್ಲೌಸ್ ತುಂಡನ್ನು ಎಳೆದು ಅಂಟಿಸಿದ್ರೆ ಡ್ಯೂರಾ, ಅಂದ್ರೆ ಮಿದುಳಿನ ಹೊರಪೊರೆ ಆಯ್ತು.

ಸ್ಕ್ಯಾಲ್ಪಿಗೆ ಶೋರ್ 00-30ರ (ತುಂಬಾ ಮೆತ್ತಗಿನ) ಸಿಲಿಕೋನ್, 5 ಮಿ.ಮೀ. ದಪ್ಪ. ಸುರಿಯುವಾಗ ನಡುವೆ ಒಂದು ಪದರ ಗಾಜ್ ಬಟ್ಟೆ ಇಡಿ, ಇಲ್ಲದಿದ್ರೆ ಹೊಲಿಗೆ ಎಳೆದ ಕೂಡಲೇ ಹರಿದು ಬರ್ತದೆ.

ಬರ್_ಹೋಲ್_ಬಸಣ್ಣ:
ಪಿಎಲ್‌ಎ (ಪ್ರಿಂಟರಿನ ಮಾಮೂಲಿ ಪ್ಲಾಸ್ಟಿಕ್) ಬಿಲ್ಲೆ ಕೈಡ್ರಿಲ್ಲಿಗೆ ಓಕೆ ರೀ. ಕರೆಂಟ್ ಡ್ರಿಲ್ಲಿಗೆ ಹಾಕಿದ್ರೆ ಮುಗೀತು. ಪಿಎಲ್‌ಎ 60 ಡಿಗ್ರಿಗೇ ಮೆತ್ತಗಾಗ್ತದ, ಬರ್‌ನ ಹಲ್ಲಿಗೆ ಚೂಯಿಂಗ್ ಗಮ್ಮಿನ ಹಂಗ ಸುತ್ತಿಕೊಳ್ತದ, ಹುಡುಗರು ಇನ್ನೂ ಜೋರು ಒತ್ತತಾರ. ಅಂದ್ರ ಓಟಿಯೊಳಗ ಮಾಡಬಾರದ್ದನ್ನೇ ಇಲ್ಲಿ ಕಲಿಸಿದಂಗ. ಸಲೈನ್ ಹಾಕಿದ್ರ ಸ್ವಲ್ಪ ತಡೀತದ, ಪೂರಾ ಇಲ್ಲ. ಕರೆಂಟ್ ಡ್ರಿಲ್ಲಿಗೆ ಎಸ್‌ಎಲ್‌ಎಸ್ (ಪುಡಿಯನ್ನ ಲೇಸರ್‌ನಿಂದ ಬೆಸೆಯೂ ಪ್ರಿಂಟ್) ನೈಲಾನ್ ಬಿಲ್ಲೆ ಹೊರಗಿಂದ ಮಾಡಿಸ್ರಿ, ಪುಡಿಪುಡಿಯಾಗಿ ಬರ್ತದ. ಪ್ಲಾಸ್ಟಿಕ್ ಧೂಳಿಗೆ ಮಾಸ್ಕ್, ಕನ್ನಡಕ ಕಡ್ಡಾಯ.

ಇನ್ನ ಪರ್ಫೊರೇಟರ್, ಅಂದ್ರ ಬುರುಡೆ ಕೊರಿಯೂ ಬಿಟ್. ತಾನೇ ನಿಲ್ಲುವ 14/11ರ (ಹೊರಗ 14, ಒಳಗ 11 ಮಿ.ಮೀ.) ಬಿಟ್ ಬುರುಡೆ ತೂರಿದ ಕೂಡಲೇ ಕ್ಲಚ್ ಬಿಡ್ತದ ಅಂತ ಎಲ್ಲಾರೂ ನಂಬಿರ್ತಾರ. ಆ ಕ್ಲಚ್ ಕೆಲಸ ಮಾಡೂದು ಮೂಳೆಗೆ ನೆಟ್ಟಗ ಲಂಬವಾಗಿ ಹಿಡಿದಾಗ, ಒತ್ತಡ ಒಂದೇ ಸಮ ಇದ್ದಾಗ, ಮೂಳೆ ಕನಿಷ್ಠ 3 ಮಿ.ಮೀ. ದಪ್ಪ ಇದ್ದಾಗ. ಹಿಂದಕ್ಕ ಮುಂದಕ್ಕ ಅಲ್ಲಾಡಿಸಿದ್ರ, ಓರೆ ಹಿಡಿದ್ರ, ಅರ್ಧಕ್ಕ ನಿಲ್ಲಿಸಿ ಮತ್ತ ಚಾಲೂ ಮಾಡಿದ್ರ ಅದು ಮೋಸ ಮಾಡಬಹುದು. ಅರ್ಧಕ್ಕ ನಿಂತರ ಅದೇ ತೂತಿನ್ಯಾಗ ಮತ್ತ ಬಿಟ್ ಇಳಿಸಬಾರದು, ಉಳಿದ ತೆಳು ಮೂಳೆನ್ನ ಕೆರಿಸನ್ ಅನ್ನೂ ಮೂಳೆ ಕಚ್ಚೂ ಉಪಕರಣದಿಂದ ತೆಗೀಬೇಕು. ಪ್ರತಿ ಹುಡುಗನ ಬಾಯಿಂದ ಈ ಮಾತು ಹೇಳಿಸಿ ಆಮ್ಯಾಲೆ ಡ್ರಿಲ್ ಕೊಡ್ರಿ.

ಅಭ್ಯಾಸಕ್ಕ ತೆಂಗಿನಕಾಯಿ ಬಳಸ್ರಿ. ತಮಾಷೆ ಅಲ್ಲ, ಬ್ರೆಜಿಲ್‌ನ ನ್ಯೂರೋಸರ್ಜನ್‌ಗಳು 2016ರೊಳಗ ಕ್ರೇನಿಯಾಟಮಿಯ (ಬುರುಡೆ ತೆರೆಯೂ ಶಸ್ತ್ರಕ್ರಿಯೆ) ಮೊದಲ ಹೆಜ್ಜೆ ಕಲಿಸಲಿಕ್ಕೆ ತೆಂಗಿನಕಾಯಿ ಮಾದರಿ ಪ್ರಕಟಿಸ್ಯಾರ. ಕರಟದ ಕೆಳಗ ಕಾಯಿಯ ಕಂದು ಸಿಪ್ಪೆ ಅದಲ್ಲ, ಅದನ್ನ ಡ್ಯೂರಾ ಅಂತ ಹಿಡೀರಿ. ಅದಕ್ಕ ಗೀರು ಬೀಳದಂಗ ಕರಟದ ಬಿಲ್ಲೆ ಎತ್ತಬೇಕು. ಎಳೆಗಾಯಿ ಬ್ಯಾಡ, ಚೆನ್ನಾಗಿ ಬಲಿತದ್ದು ತರ್ರಿ, ನಾರು ಪೂರ್ತಿ ಹೆರೀರಿ. ನಾರು ಉಳಿದ್ರ ಬರ್‌ಗೆ ಸುತ್ತಿ ಡ್ರಿಲ್ ಕೈಯಿಂದ ಜಿಗೀತದ. ಕಾಯಿ ಉರುಳದಂಗ ಬೆಂಚ್ ವೈಸ್ ಬೇಕೇ ಬೇಕು, ಗೆಳೆಯ ಹಿಡ್ಕೋತಾನ ಅನ್ನೂದು ನಡೆಯೂದಿಲ್ಲ.

ಫ್ಯಾಂಟಮ್_ಪಾಕಶಾಲೆ:
ಬುರುಡೆ ಸರಿ, ಒಳಗಿನ ಮಿದುಳು ಯಾರೂ ಹೇಳಲಿಲ್ಲ. ಅದರ ಪಾಕ ಇಲ್ಲಿದೆ.

ಶೇ. 0.6 ಅಗರೋಸ್, ಅಂದರೆ ಲೀಟರ್ ನೀರಿಗೆ 6 ಗ್ರಾಂ. ಮಿದುಳಿನ ಮೃದುತ್ವಕ್ಕೆ ಹತ್ತಿರ ಅಂತ ಸಂಶೋಧಕರು ಬಹುಕಾಲದಿಂದ ಬಳಸುವ ಪ್ರಮಾಣ ಇದು. ಅಂಗಡಿಯ ಚೈನಾ ಗ್ರಾಸ್ ಬಳಸಿದರೆ ಪ್ರತಿ ಪ್ಯಾಕೆಟ್ಟಿನ ಹದ ಬೇರೆ. 8 ಗ್ರಾಂನಿಂದ ಶುರು ಮಾಡಿ, ಒಂದು ಬಟ್ಟಲಲ್ಲಿ ಪರೀಕ್ಷೆ ನೋಡಿಯೇ ದೊಡ್ಡದಕ್ಕೆ ಕೈ ಹಾಕಿ. ತಣ್ಣೀರಿಗೆ ಪುಡಿ ಉದುರಿಸಿ ಹತ್ತು ನಿಮಿಷ ನೆನೆಸಿ, ಆಮೇಲೆ ಕುದಿಸಿ ತಿಳಿಯಾಗುವವರೆಗೆ ಮೆಲ್ಲಗೆ ಕೈಯಾಡಿಸಿ. ಜೋರಾಗಿ ಕಲಕಿದರೆ ಗುಳ್ಳೆ, ಗುಳ್ಳೆಯಲ್ಲಿ ಕ್ಯಾಥೆಟರ್ ಹೊಕ್ಕರೆ ವೆಂಟ್ರಿಕಲ್ ಸಿಕ್ಕಿತು ಅಂತ ಭ್ರಮೆ. ಸುರಿಯುವ ಮೊದಲು 50 ಡಿಗ್ರಿಗೆ ಇಳಿಯಲೇಬೇಕು. ಅಚ್ಚು ಪಿಎಲ್‌ಎದ್ದಾಗಿದ್ದರೆ ಕುದಿಯೋ ಪಾಕ ಸುರಿದ ಮರುಕ್ಷಣ ಅಚ್ಚೇ ಸೊಟ್ಟಗಾಗುತ್ತದೆ.

ವೆಂಟ್ರಿಕಲ್ ಮಾಡುವುದೇ ಇದರಲ್ಲಿ ಚಂದದ ಕೆಲಸ. ಅಗರ್ ಒಮ್ಮೆ ಗಟ್ಟಿಯಾದರೆ 85 ಡಿಗ್ರಿ ಆಸುಪಾಸಿನವರೆಗೆ ಕರಗಲ್ಲ, ಜೆಲಟಿನ್ 35ಕ್ಕೇ ಕರಗುತ್ತದೆ. ಈ ಅಂತರವನ್ನೇ ಬಳಸಿಕೊಳ್ಳಿ. ವೆಂಟ್ರಿಕಲ್ ಆಕಾರದ ಅಚ್ಚಿಗೆ ಬಣ್ಣ ಹಾಕಿದ ಶೇ. 10ರ ಜೆಲಟಿನ್ ಸುರಿದು, ಬಾಲದ ಕಡೆಯಿಂದ 6 ನಂಬರಿನ ಇನ್‌ಫ್ಯಾಂಟ್ ಫೀಡಿಂಗ್ ಟ್ಯೂಬ್ ಇಳಿಸಿ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ. ಆ ಟ್ಯೂಬನ್ನೇ ಆಸರೆ ಮಾಡಿಕೊಂಡು ಮಿದುಳಿನ ಅಚ್ಚಿನಲ್ಲಿ ತೂಗುಹಾಕಿ, ಇಲ್ಲದಿದ್ದರೆ ತಳಕ್ಕೆ ಮುಳುಗುತ್ತದೆ. ಅಗರ್ 45 ಡಿಗ್ರಿಗೆ ಬಂದಾಗ ಸುತ್ತ ಸುರಿಯಿರಿ. ಫ್ರಿಜ್ಜಿನಿಂದ ಆಗ ತಾನೇ ತೆಗೆದ ಜೆಲಟಿನ್ ಆದರೆ ಅದರ ಮೈಗೆ ತಾಗಿದ ಅಗರ್ ತಕ್ಷಣ ಹೆಪ್ಪುಗಟ್ಟುತ್ತದೆ, ಒಳಗಿನದು ಕರಗಿ ಹರಡುವುದಿಲ್ಲ. ಎಲ್ಲ ಗಟ್ಟಿಯಾದ ಮೇಲೆ ಇಡೀ ಫ್ಯಾಂಟಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ 42 ಡಿಗ್ರಿ ನೀರಿನಲ್ಲಿ ಒಂದೆರಡು ಗಂಟೆ ಇಟ್ಟರೆ ಜೆಲಟಿನ್ ನೀರಾಗುತ್ತದೆ. ಟ್ಯೂಬಿನಿಂದ ಅದನ್ನು ಸಿರಿಂಜಿನಲ್ಲಿ ಎಳೆದು, ಬಣ್ಣದ ಸಲೈನ್ ತುಂಬಿ. ಟ್ಯೂಬಿಗೆ ಐವಿ ಸೆಟ್ ಜೋಡಿಸಿ, ಬಾಟಲಿಯ ನೀರಿನ ಮಟ್ಟ ಟ್ರೇಗಸ್ಸಿಗಿಂತ 20 ಸೆಂ.ಮೀ. ಮೇಲಿರುವಂತೆ ತೂಗುಹಾಕಿದರೆ ಒತ್ತಡವೂ ಬಂತು.

ಬಲ ವೆಂಟ್ರಿಕಲ್ಲಿಗೆ ನೀಲಿ, ಎಡದ್ದಕ್ಕೆ ಕೆಂಪು ಹಾಕಿ, ಬಾಟಲಿ ಎರಡು ಇಡಿ. ಬಲಗಡೆ ಹಾಕಿದ ಕ್ಯಾಥೆಟರಿನಲ್ಲಿ ಕೆಂಪು ಬಂದರೆ ನಡುಗೆರೆ ದಾಟಿದೆ ಅಂತ ಲೆಕ್ಕ. ನೀರು ಬಂತು ಅನ್ನೋದೊಂದೇ ಗೆಲುವಲ್ಲ ಅನ್ನೋದು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಪದರ_ಪದರ_ಮಂಗಳೂರು:
ಮೇಡಂ, ಲೇಟೆಕ್ಸ್ ಚೀಲದಲ್ಲಿ ವೆಂಟ್ರಿಕಲ್ ಮಾಡಿದ್ರೆ ಎಪೆಂಡೈಮಾದ (ವೆಂಟ್ರಿಕಲ್ಲಿನ ಒಳಪೊರೆ) ಆ ಪಟಕ್ ಅನ್ನುವ ಅನುಭವ ಸಿಗ್ತದೆ ಅಂತ ಹಲವರು ಹೇಳ್ತಾರೆ?

ಫ್ಯಾಂಟಮ್_ಪಾಕಶಾಲೆ:
ಸಿಗುತ್ತದೆ, ಆದರೆ ದಪ್ಪ ಸ್ವಲ್ಪ ಹೆಚ್ಚಾದರೂ ಸ್ಟೈಲೆಟ್ (ಒಳಗಿನ ಗಟ್ಟಿ ತಂತಿ) ಇದ್ದ ಕ್ಯಾಥೆಟರ್ ಚೀಲವನ್ನು ಚುಚ್ಚದೆ ತಳ್ಳಿಕೊಂಡೇ ಹೋಗುತ್ತದೆ. ಸುತ್ತಲಿನ ಅಗರ್ ಮೆತ್ತಗಿರುವುದರಿಂದ ಚೀಲಕ್ಕೆ ಆಸರೆಯಿಲ್ಲ. ವಿದ್ಯಾರ್ಥಿ ಅದನ್ನು ಸೋಲಿಸಲು ಕುಕ್ಕಲು ಶುರುಮಾಡುತ್ತಾನೆ. ಬೇಕೇ ಬೇಕಾದರೆ ಒಂದೇ ಅದ್ದು, ಎರಡನೇ ಅದ್ದು ಬೇಡ. ಒಂದು ಸಲ ಚುಚ್ಚಿದ ಚೀಲ ಬಿಸಾಡಬೇಕು ಅನ್ನೋ ಲೆಕ್ಕವೂ ಇರಲಿ.

ನಿಮ್ಮ ಊರಿಗೆ ಇನ್ನೊಂದು ಮಾತು. ಕರಾವಳಿಯ ಏಪ್ರಿಲ್‌ನಲ್ಲಿ ಇಡೀ ಮಿದುಳನ್ನು ಜೆಲಟಿನ್‌ನಲ್ಲಿ ಮಾಡುವ ಯೋಚನೆ ಬೇಡವೇ ಬೇಡ, ಎಸಿ ಕೆಟ್ಟರೆ ಮೇಜಿನ ಮೇಲೆ ಪಾಯಸ. ಅಗರ್ ಆದರೆ ನಿಲ್ಲುತ್ತದೆ, ಆದರೆ ನೀರು ಬಿಡುತ್ತಾ ಕುಗ್ಗುತ್ತದೆ. ಕ್ಲಿಂಗ್ ಫಿಲ್ಮ್ ಸುತ್ತಿ ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದೊಳಗೆ ಬಳಸಿ ಮುಗಿಸಿ. ಪಾಕಕ್ಕೆ ಲೀಟರಿಗೆ 1 ಗ್ರಾಂ ಸೋಡಿಯಂ ಬೆಂಜೋಯೇಟ್ ಹಾಕಿದರೆ ಬೂಷ್ಟು ತಡ.

ಕೋನ_ಮತ್ತು_ಆಳ:
ಮೂರು ತಿಂಗಳಾದ ಮೇಲೆ ಯಾರು ಕಲಿತರು, ಯಾರು ಕಲಿಯಲಿಲ್ಲ ಅನ್ನೋದನ್ನು ಹೇಗೆ ಹೇಳುತ್ತೀರಿ? ಫ್ಯಾಂಟಮ್ ಎಷ್ಟೇ ಚೆನ್ನಾಗಿರಲಿ, ತುದಿ ಎಲ್ಲಿ ಹೋಯಿತು ಅಂತ ಪ್ರತಿ ಸಲ ಅಳೆಯದಿದ್ದರೆ ಅದು ಆಟಿಕೆ. ಮಿದುಳನ್ನು ಪಾರದರ್ಶಕ ಅಕ್ರಿಲಿಕ್ ಡಬ್ಬಿಯಲ್ಲಿಟ್ಟು, ಮುಂದೆ ಒಂದು ಪಕ್ಕದಲ್ಲಿ ಒಂದು ಫೋನ್ ಸ್ಟ್ಯಾಂಡ್ ಗಟ್ಟಿಯಾಗಿ ಸ್ಕ್ರೂ ಮಾಡಿ. ಡಬ್ಬಿಯ ಮುಖಗಳ ಮೇಲೆ 1 ಸೆಂ.ಮೀ. ಚೌಕಳಿ ಗೆರೆ ಕೊರೆದಿರಲಿ. 0.6ರ ಅಗರೋಸ್ ಅರೆಪಾರದರ್ಶಕ, ಬೆನ್ನ ಹಿಂದೆ ಬಿಳಿ ದೀಪ ಇಟ್ಟರೆ ಕ್ಯಾಥೆಟರ್ ಸ್ಪಷ್ಟ. ಎರಡು ಫೋಟೋದಿಂದ ತುದಿಯ ಮೂರೂ ಅಳತೆ ಸಿಗುತ್ತದೆ. ಆದರೆ ಫೋನ್ ಹತ್ತಿರವಿದ್ದಷ್ಟೂ ಮುಂದಿನ ಗೆರೆಗೂ ಒಳಗಿನ ತುದಿಗೂ ಪ್ಯಾರಲ್ಯಾಕ್ಸ್ (ನೋಡುವ ಕೋನದಿಂದ ಬರುವ ತಪ್ಪು) ಹೆಚ್ಚು, ಕನಿಷ್ಠ ಒಂದು ಮೀಟರ್ ದೂರ ಇಟ್ಟು ಜೂಮ್ ಮಾಡಿ. ದಾಖಲಿಸುವಾಗ ಗ್ರೇಡ್ 1, 2, 3 ಜೊತೆಗೆ ಎಷ್ಟು ಸಲ ತೂರಿಸಿದರು ಅನ್ನೋದನ್ನೂ ಬರೆಯಿರಿ. ಮೂರನೇ ಪ್ರಯತ್ನದಲ್ಲಿ ಬಂದ ಗ್ರೇಡ್ 1, ರೋಗಿಯ ತಲೆಯಲ್ಲಿ ಮೂರು ಸುರಂಗ.

ಆಗ್ಮೆಂಟೆಡ್ ರಿಯಾಲಿಟಿ ಬಗ್ಗೆ ಯಾರಾದರೂ ಕೇಳುವ ಮುಂಚೆಯೇ ಹೇಳಿಬಿಡುತ್ತೇನೆ. ಬುರುಡೆಯ ಮೇಲೆ ವೆಂಟ್ರಿಕಲ್ ತೇಲಿದ ಹಾಗೆ ತೋರಿಸುವುದು ಕಣ್ಣಿಗೆ ಹಬ್ಬ. ತೊಂದರೆ ರಿಜಿಸ್ಟ್ರೇಶನ್‌ನಲ್ಲಿ, ಅಂದರೆ ಚಿತ್ರವನ್ನು ನಿಜವಾದ ತಲೆಗೆ ಸರಿಯಾಗಿ ಹೊಂದಿಸುವುದರಲ್ಲಿ. 6 ಸೆಂ.ಮೀ. ಆಳದಲ್ಲಿ 1 ಡಿಗ್ರಿ ತಪ್ಪಿದರೆ ತುದಿ ಸುಮಾರು 1 ಮಿ.ಮೀ. ಸರಿಯುತ್ತದೆ, 5 ಡಿಗ್ರಿ ತಪ್ಪಿದರೆ 5 ಮಿ.ಮೀ. ದಾಟುತ್ತದೆ. ಹಿಗ್ಗಿದ ವೆಂಟ್ರಿಕಲ್ ಇದನ್ನು ಕ್ಷಮಿಸುತ್ತದೆ, ಟ್ರಾಮಾದಲ್ಲಿ ಸೀಳಿನಂತಾದದ್ದು ಕ್ಷಮಿಸುವುದಿಲ್ಲ. ಇನ್ನು ಹೋಲೋಲೆನ್ಸ್ 2 ಅನ್ನೋ ಆಗ್ಮೆಂಟೆಡ್ ರಿಯಾಲಿಟಿ ಹೆಡ್‌ಸೆಟ್ ಚಿತ್ರವನ್ನು ಸುಮಾರು 2 ಮೀಟರ್ ದೂರದ ಫೋಕಸ್ಸಿಗೆ ಹೊಂದಿಸಿ ಮೂಡಿಸುತ್ತದೆ, ಕೆಲಸ ನಡೆಯುವುದು ಕೈಯಳತೆಯಲ್ಲಿ. ಕೈಯನ್ನು ನೋಡಿದರೆ ಚಿತ್ರ ಮಸುಕು, ಚಿತ್ರ ನೋಡಿದರೆ ಕೈ ಮಸುಕು. ಅದರ ತಯಾರಿಕೆ 2024ರಲ್ಲಿ ನಿಂತೂ ಹೋಗಿದೆ, ಯಾರಾದರೂ ಹಳೇ ಸ್ಟಾಕ್ ತೋರಿಸಿದರೆ ಎಚ್ಚರ.

ಜಿಸಿಎಸ್_15:
ಎಲ್ಲರೂ ಎಂಸಿಎಚ್ ಬಗ್ಗೆಯೇ ಮಾತಾಡ್ತಿದ್ದೀರಿ. ಎಂಬಿಬಿಎಸ್ ಮಕ್ಕಳಿಗೆ ಇವಿಡಿ ಯಾಕೆ ಸ್ವಾಮಿ? ಅವರಲ್ಲಿ ಬಹುಪಾಲು ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಬೈಕ್ ಅಪಘಾತದವರನ್ನು ನೋಡೋರು. ಅವರಿಗೆ ಬೇಕಾದ್ದು ಗ್ಲಾಸ್ಗೋ ಕೋಮಾ ಸ್ಕೇಲ್ (ಎಚ್ಚರದ ಮಟ್ಟಕ್ಕೆ ಕೊಡುವ ಅಂಕ) ಸರಿಯಾಗಿ ಹಾಕೋದು, ಪಾಪೆ ನೋಡೋದು, ಸಿಟಿಯಲ್ಲಿ ಎಕ್ಸ್‌ಟ್ರಾಡ್ಯೂರಲ್ (ಡ್ಯೂರಾ ಹೊರಗೆ ಕಟ್ಟಿದ ರಕ್ತ) ಗುರುತಿಸಿ ಬೇಗ ಕಳಿಸೋದು. 1974ರ ಆ ಸ್ಕೇಲನ್ನು ಇವತ್ತಿಗೂ ತಪ್ಪು ಹಾಕ್ತಾರೆ. ಚಲನೆಯ ಅಂಕ ಎಡಗೈ 3, ಬಲಗೈ 5 ಇದ್ದರೆ ಸರಾಸರಿ 4 ಅಂತ ಬರೀತಾರೆ, ಬರೆಯಬೇಕಾದ್ದು ಉತ್ತಮವಾದ 5. ಟ್ಯೂಬ್ ಹಾಕಿದವರಿಗೆ ಮಾತಿನ ಅಂಕ 1 ಅಂತ ಹಾಕಿ ಮೊತ್ತ ಕೂಡಿಸ್ತಾರೆ, ಹಾಕಬೇಕಾದ್ದು ಟಿ. ಮೊತ್ತ ಒಂದನ್ನೇ ಫೋನಿನಲ್ಲಿ ಹೇಳ್ತಾರೆ, ಕಣ್ಣು, ಮಾತು, ಚಲನೆ ಬಿಡಿಬಿಡಿಯಾಗಿ ಹೇಳಲ್ಲ.

ಇದಕ್ಕೆ ವರ್ಚುವಲ್ ರೋಗಿ ಸಾಕು, ಹೆಡ್‌ಸೆಟ್ ಕೂಡ ಬೇಡ, ಟ್ಯಾಬ್ ಇದ್ದರೆ ಆಯ್ತು. ಒಂದೇ ರೋಗಿಯನ್ನು ಹತ್ತು ನಿಮಿಷಕ್ಕೊಮ್ಮೆ ಕೆಡಿಸ್ತಾ ಹೋಗಿ: 14, 11, ಬಲ ಪಾಪೆ ಹಿಗ್ಗಿತು, 7. ಯಾವ ಘಟ್ಟದಲ್ಲಿ ಇಂಟ್ಯುಬೇಟ್ ಮಾಡ್ತಾರೆ, ಯಾವಾಗ ಸಿಟಿಗೆ ಕಳಿಸ್ತಾರೆ, ಕುತ್ತಿಗೆ ಕಾಲರ್ ನೆನಪಾಯ್ತಾ ಅನ್ನೋದನ್ನು ಸಮಯದ ಸಮೇತ ದಾಖಲಿಸಿ. ಹೊರದೇಶದ ತಂತ್ರಾಂಶದ ರೋಗಿ ಇಂಗ್ಲಿಷಿನಲ್ಲಿ ಗೊಣಗ್ತಾನೆ, ಅದರಿಂದ ಪ್ರಯೋಜನ ಕಡಿಮೆ. ಇದು ಯಾವ ಊರು, ಇವತ್ತು ಯಾವ ವಾರ ಅಂತ ಕೇಳಿದಾಗ ಹುಬ್ಬಳ್ಳಿ ಕನ್ನಡದಲ್ಲೋ ಉರ್ದುವಿನಲ್ಲೋ ತಡವರಿಸಿ ಉತ್ತರಿಸುವ ದನಿಯನ್ನು ನೀವೇ ರೆಕಾರ್ಡ್ ಮಾಡಿ. ಗೊಂದಲದ ಮಾತಿಗೆ 4, ಸಂಬಂಧವಿಲ್ಲದ ಬಿಡಿ ಪದಕ್ಕೆ 3. ಆ ವ್ಯತ್ಯಾಸ ಕಿವಿಗೆ ಬೀಳಬೇಕು.

ಮೊನ್ರೋ_ರಂಧ್ರ:
ಒಪ್ಪಿದೆ. ಆದರೂ ಇಂಟರ್ನ್‌ಗಳು ಒಮ್ಮೆ ಫ್ಯಾಂಟಮ್ಮಿನ ಮೇಲೆ ಕ್ಯಾಥೆಟರ್ ಹಾಕಿ ನೋಡಲಿ. ಅವರ ಕೈಗೆ ಇವಿಡಿ ಬರಲಿ ಅಂತಲ್ಲ, ವಾರ್ಡಿನಲ್ಲಿ ಅದನ್ನು ನೋಡಿಕೊಳ್ಳೋರು ಅವರೇ ಅಂತ. ಶೂನ್ಯ ಮಟ್ಟ ಟ್ರೇಗಸ್ಸಿಗೆ ಹೊಂದಿಸದೆ ಮಂಚ ಎತ್ತಿದರೆ ಏನಾಗುತ್ತದೆ ಅನ್ನೋದನ್ನು ಬಣ್ಣದ ನೀರಿನಲ್ಲಿ ತೋರಿಸಿ. ತಲೆ 15 ಸೆಂ.ಮೀ. ಮೇಲೆ ಹೋದ ಕೂಡಲೇ ಇವಿಡಿಯ ನೀರು ಸೇರುವ ಚೇಂಬರಿಗೆ ನೀರು ಸುರಿಯುತ್ತದೆ, ಮತ್ತೆ ಹೇಳುವುದೇ ಬೇಡ.

ಅಲ್ಗಾರಿದಮ್_ಅಣ್ಣ:
ಎಐ ಟ್ಯೂಟರ್ ಬಗ್ಗೆ ಯಾರೂ ಬರೆದಿಲ್ಲ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 70 ವೈದ್ಯಕೀಯ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ನ್ಯೂರೋವಿಆರ್ ಮೇಲೆ ಗಡ್ಡೆ ತೆಗೆಯುವ ಅಭ್ಯಾಸ ಮಾಡಿಸಿದರು, ಪ್ರಕಟವಾದದ್ದು 2022ರಲ್ಲಿ. ಒಂದು ಗುಂಪಿಗೆ ಎಐ ಪ್ರತಿಕ್ರಿಯೆ, ಒಂದಕ್ಕೆ ದೂರದಿಂದ ತಜ್ಞರ ಪಾಠ, ಒಂದಕ್ಕೆ ಏನೂ ಇಲ್ಲ. ಎಐ ಗುಂಪು ಅಂಕದಲ್ಲಿ ತಜ್ಞರ ಗುಂಪನ್ನೂ ಹಿಂದೆ ಹಾಕಿತು. ಅದು ನೋಡುತ್ತಿದ್ದದ್ದು ರಕ್ತಸ್ರಾವದ ಪ್ರಮಾಣ, ಬೈಪೋಲಾರ್‌ನ (ರಕ್ತ ನಿಲ್ಲಿಸಲು ಸುಡುವ ಚಿಮಟ) ಗರಿಷ್ಠ ಬಲ, ಎರಡು ಉಪಕರಣಗಳ ತುದಿಯ ಅಂತರ, ಬೈಪೋಲಾರ್‌ನ ವೇಗೋತ್ಕರ್ಷ. ಮೇಷ್ಟ್ರ ಕಣ್ಣಿಗೆ ಇವು ಅಂಕಿಯಾಗಿ ಕಾಣುವುದೇ ಇಲ್ಲ. ಹೀಗಿರುವಾಗ ತೆಂಗಿನಕಾಯಿ ಹೆರೆಯುತ್ತಾ ಕೂರುವುದು ಯಾಕೆ?

ಕೋನ_ಮತ್ತು_ಆಳ:
ಅದೇ ತಂಡ 2023ರಲ್ಲಿ ಅದೇ ದತ್ತಾಂಶವನ್ನು ಮತ್ತೆ ಕೆದಕಿ ಬರೆದದ್ದನ್ನೂ ಓದಿ, ಅಣ್ಣ. ಎಐ ಕಲಿಸಿದವರ ಕೈ ಸುರಕ್ಷಿತವಾಯಿತು, ಆದರೆ ಯಾರೂ ಉದ್ದೇಶಿಸದ ರೀತಿಯಲ್ಲಿ ನಿಧಾನವೂ ಆಯಿತು, ಗಡ್ಡೆ ತೆಗೆಯುವ ವೇಗ ಇಳಿಯಿತು. ಕಾರಣ ಸರಳ. ಯಂತ್ರ ಅಳೆದದ್ದು ನಾಲ್ಕು, ವಿದ್ಯಾರ್ಥಿ ತಿದ್ದಿಕೊಂಡದ್ದೂ ಆ ನಾಲ್ಕನ್ನೇ. ಬಲ ಕಡಿಮೆ ಮಾಡು ಅಂದರೆ ಕೆಲಸವನ್ನೇ ಕಡಿಮೆ ಮಾಡುವುದು ಸುಲಭದ ದಾರಿ. 2025ರಲ್ಲಿ ಅವರೇ ಇನ್ನೊಂದು ಪ್ರಯೋಗ ಮಾಡಿ, ಯಂತ್ರದ ಅಂಕಿ ನೋಡಿಕೊಂಡು ಮನುಷ್ಯ ಮೇಷ್ಟ್ರು ಆಯಾ ವಿದ್ಯಾರ್ಥಿಗೆ ತಕ್ಕಂತೆ ಹೇಳಿದಾಗ ಬರೀ ಯಂತ್ರದ ಪಾಠಕ್ಕಿಂತ ಫಲಿತಾಂಶ ಚೆನ್ನಾಗಿತ್ತು ಅಂತ ವರದಿ ಮಾಡಿದರು.

ಅಲ್ಗಾರಿದಮ್_ಅಣ್ಣ:
ಸರಿ, ಹಾಗಾದರೆ ಅಂಕಿ ಬೇಕು ಅನ್ನೋದನ್ನಾದರೂ ಒಪ್ಪುತ್ತೀರಲ್ಲ. ಹ್ಯಾಪ್ಟಿಕ್ ಯಂತ್ರ ಇಲ್ಲದೆಯೂ ಕೆಲವು ಅಳೆಯಬಹುದು. ಫ್ಯಾಂಟಮ್ಮಿನ ಕೆಳಗೆ 5 ಕಿಲೋ ಸಾಮರ್ಥ್ಯದ ಲೋಡ್ ಸೆಲ್ (ಒತ್ತಡ ಅಳೆಯುವ ಸಂವೇದಕ), ಅದರ ಸಂಕೇತ ಓದುವ ಎಚ್‌ಎಕ್ಸ್711 ಬೋರ್ಡ್, ಒಂದು ಆರ್ಡುಯಿನೋ (ಪುಟ್ಟ ಕಂಪ್ಯೂಟರ್ ಬೋರ್ಡ್). ಡ್ರಿಲ್ ಒತ್ತಡದ ಗ್ರಾಫ್ ಪರದೆಯ ಮೇಲೆ ಓಡುತ್ತದೆ. ಒಳಪದರ ದಾಟಿದ ಮೇಲೆ ಕೈ ಎಷ್ಟು ಬೇಗ ಒತ್ತಡ ಬಿಟ್ಟಿತು ಅನ್ನೋದು ಅದರಲ್ಲೇ ಕಾಣುತ್ತದೆ. ಎಚ್‌ಎಕ್ಸ್711 ಸಾಮಾನ್ಯವಾಗಿ ಸೆಕೆಂಡಿಗೆ 10 ಮಾದರಿಗೆ ಹೊಂದಿಸಿ ಬರುತ್ತದೆ, ಅದು ಸಾಲದು, ರೇಟ್ ಪಿನ್ ಬದಲಿಸಿ 80 ಮಾಡಿಕೊಳ್ಳಿ. ಫ್ಯಾಂಟಮ್ಮಿನ ತೂಕವೇ ಎರಡು ಮೂರು ಕಿಲೋ ಇರುತ್ತದೆ, ಮೊದಲು ಟೇರ್ ಮಾಡಿ, ಅಂದರೆ ಅದನ್ನು ಸೊನ್ನೆಗೆ ತನ್ನಿ. ಕೈಭಾರ ಜೋರಿರುವವರು ಇದ್ದರೆ 5 ಕಿಲೋ ಸೆಲ್ ಮಿತಿ ಮುಟ್ಟುತ್ತದೆ, ಅಂಥಲ್ಲಿ 20 ಕಿಲೋದ್ದು.

ಬರ್_ಹೋಲ್_ಬಸಣ್ಣ:
ಇದು ಚಲೋ ಅದ. ತೆಂಗಿನಕಾಯಿ ವೈಸಿನ ಕೆಳಗೂ ಇಡಬಹುದು. ನೋಡ್ರಿ, ತೆಂಗಿನಕಾಯಿಗೂ ನಿಮ್ಮ ಅಂಕಿ ಬಂತು.

ಹತ್ತು_ಸೊನ್ನೆ:
ಮೈಕ್ರೋ ಹೊಲಿಗೆಯ ಪ್ರಶ್ನೆ ಹಾಗೇ ಉಳಿದಿದೆ. ಯುಎಸ್‌ಬಿ ಮೈಕ್ರೋಸ್ಕೋಪ್ ಅಗ್ಗ ಅಂತ ತರಿಸಬೇಡಿ. ಲೆನ್ಸಿನ ಕೆಳಗೆ ಎರಡು ಮೂರು ಸೆಂ.ಮೀ. ಜಾಗ, ಉಪಕರಣವೇ ಹಿಡಿಸಲ್ಲ. ಓಟಿ ಮೈಕ್ರೋಸ್ಕೋಪಿನ ಕೆಲಸದ ದೂರ 20 ಸೆಂ.ಮೀ. ಮೇಲೆ. ಫೋನ್ ಜೂಮ್ ಮಾಡಿ ಪರದೆ ನೋಡಿಕೊಂಡು ಹೊಲಿಯುವುದೂ ಆಗುತ್ತದೆ, ಆದರೆ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ, ಆಳವೂ ತಿಳಿಯಲ್ಲ. ಕೈ ಮುಂದೆ ಹೋಗಿ, ಕಣ್ಣು ಹಿಂದೆ ಉಳಿಯುತ್ತದೆ. ಕಣ್ಣಿನ ವಿಭಾಗದವರು ಬಿಟ್ಟ ಹಳೇ ಮೈಕ್ರೋಸ್ಕೋಪ್ ಇದೆಯಾ ಕೇಳಿ, ಇಲ್ಲದಿದ್ದರೆ ಎರಡು ಕಣ್ಣಿನ ಸ್ಟೀರಿಯೋ ಜೂಮ್ ಮೈಕ್ರೋಸ್ಕೋಪಿಗೆ 0.5 ಎಕ್ಸ್ ಪೂರಕ ಲೆನ್ಸ್ ಹಾಕಿಸಿ, ಕೆಲಸದ ದೂರ ಸಾಕಷ್ಟು ಹೆಚ್ಚುತ್ತದೆ.

ಮೊದಲು ಗ್ಲೌಸ್ ತುಂಡಿನ ಸೀಳಿಗೆ 8-0 ದಾರ. ಕೈ ನಡುಗುವುದು ನಿಂತ ಮೇಲೆ 1 ಮಿ.ಮೀ. ಸಿಲಿಕೋನ್ ಕೊಳವೆಗೆ ಇನ್ನೂ ಸಣ್ಣ 10-0. ಆಮೇಲೆ ಕೋಳಿ ರೆಕ್ಕೆ. ಅದರ ಬ್ರೇಕಿಯಲ್ ಧಮನಿ ಸುಮಾರು 1 ಮಿ.ಮೀ., ಮಿದುಳಿನ ಬೈಪಾಸ್ ನಾಳದ ಅಳತೆಗೆ ಹತ್ತಿರ. ಚರ್ಮ ಸಮೇತ, ಅವತ್ತೇ ಕಡಿದದ್ದನ್ನು ಕೇಳಿ ತನ್ನಿ. ಮೇಲೆ ಆಗಾಗ ಸಲೈನ್ ಹನಿಸದಿದ್ದರೆ ಹತ್ತು ನಿಮಿಷಕ್ಕೆ ನಾಳ ಒಣಗಿ ಅಂಟುತ್ತದೆ. ತುದಿಗೆ ತುದಿ ಜೋಡಿಸಲು ಎಂಟು ಹೊಲಿಗೆ ಸಾಕು, ಮೊದಲೆರಡು 180 ಡಿಗ್ರಿ ಅಂತರದಲ್ಲಿ. ಎಲ್ಲರೂ ಮಾಡುವ ತಪ್ಪು ಹಿಂದಿನ ಗೋಡೆಯನ್ನೂ ಸೇರಿಸಿ ಹೊಲಿಯುವುದು. ಹೊರಗಿನಿಂದ ಗೊತ್ತಾಗಲ್ಲ, ಬಣ್ಣದ ನೀರು ಹಾಯಿಸಿದರೆ ಒಮ್ಮೊಮ್ಮೆ ಹರಿದೂ ಬಿಡುತ್ತದೆ. ಆದ್ದರಿಂದ ಮುಗಿದ ಮೇಲೆ ನಾಳವನ್ನು ಉದ್ದಕ್ಕೆ ಸೀಳಿ, ಬಿಡಿಸಿ, ಒಳಗಿನಿಂದ ಹೊಲಿಗೆಯ ಫೋಟೋ ತೆಗೆಯಿರಿ. ಅಂಕ ಕೊಡಬೇಕಾದ್ದು ಆ ಫೋಟೋಗೆ. ಕೋಳಿ ಮುಟ್ಟದವರು ಸಿಲಿಕೋನ್ ಕೊಳವೆಯಲ್ಲೇ ಮುಂದುವರಿಯಲಿ, ಬಲವಂತ ಬೇಡ.

ಎಂಡೋಸ್ಕೋಪಿಗೆ ದೆಹಲಿಯ ಏಮ್ಸ್ ಮತ್ತು ಐಐಟಿ ದೆಹಲಿಯವರು ಸೇರಿ ಮಾಡಿದ ನ್ಯೂರೋ ಎಂಡೋ ಟ್ರೈನರ್ ನೋಡಿ. ಮೂಗಿನ ದಾರಿಯಂಥ ಇಕ್ಕಟ್ಟಿನಿಂದ ಎಂಡೋಸ್ಕೋಪ್ ತೂರಿಸಿ, ಚಿಕ್ಕ ಉಂಗುರಗಳನ್ನು ಒಂದು ಗೂಟದಿಂದ ಇನ್ನೊಂದಕ್ಕೆ ಹಾಕುವ ಪೆಟ್ಟಿಗೆ. ಪ್ರಿಂಟರ್ ಇದ್ದವರು ಆ ತತ್ವದಲ್ಲಿ ಸರಳವಾದದ್ದೊಂದು ಮಾಡಿಕೊಳ್ಳಬಹುದು.

ಅನಾಟಮಿ_ಮೇಷ್ಟ್ರು:
ದುಡ್ಡು ಹೆಚ್ಚು ಬೇಡದ ಇನ್ನೊಂದು ಕೆಲಸ ಇದೆ. ನಿಮ್ಮ ಅನಾಟಮಿ ವಿಭಾಗದಲ್ಲಿ ಮಿದುಳು ಇದ್ದೇ ಇರುತ್ತದೆ. 1930ರ ದಶಕದ ಕ್ಲಿಂಗ್ಲರ್ ವಿಧಾನದಲ್ಲಿ ನಾರುಗಳನ್ನು ಬಿಡಿಸಿ, ಪ್ರತಿ ಹಂತವನ್ನೂ ಫೋಟೋಗ್ರಾಮೆಟ್ರಿಯಿಂದ (ಹಲವು ಕೋನದ ಫೋಟೋ ಜೋಡಿಸಿ) ತ್ರೀಡಿ ಮಾಡಿಡಿ. ಆ ಒಂದು ಹೆಡ್‌ಸೆಟ್ಟಿಗೆ ಒಳ್ಳೇ ಸರಕು.

ಶೇ. 10 ಫಾರ್ಮಲಿನ್‌ನಲ್ಲಿ ಮಿದುಳನ್ನು ಬೇಸಿಲಾರ್ ಧಮನಿಗೆ ದಾರ ಕಟ್ಟಿ ತಲೆಕೆಳಗಾಗಿ ತೂಗುಹಾಕಿ, ತಳಕ್ಕೆ ಕೂತರೆ ಚಪ್ಪಟೆಯಾಗುತ್ತದೆ. ಒಂದೆರಡು ತಿಂಗಳ ನಂತರ ಅರಕ್ನಾಯ್ಡ್ (ಮಿದುಳಿನ ಮೇಲಿನ ತೆಳು ಪೊರೆ) ಮತ್ತು ನಾಳಗಳನ್ನು ಪೂರ್ತಿ ಸುಲಿದು, ಹರಿಯುವ ನೀರಿನಲ್ಲಿ ತೊಳೆದು, ಮೈನಸ್ 15 ಡಿಗ್ರಿ ಫ್ರೀಜರಿನಲ್ಲಿ ಹತ್ತು ದಿನ. ನೀರು ಹರಳುಗಟ್ಟಿ ಹಿಗ್ಗಿ ನಾರುಗಳ ನಡುವೆ ಬಿರುಕು ಬಿಡಿಸುತ್ತದೆ, ಇಡೀ ವಿಧಾನದ ಗುಟ್ಟು ಅಷ್ಟೇ. ಅರಕ್ನಾಯ್ಡ್ ತೆಗೆಯದೆ ಹೆಪ್ಪುಗಟ್ಟಿಸಿದರೆ ಆಮೇಲೆ ಸುಲಿಯುವಾಗ ಕಾರ್ಟೆಕ್ಸ್ ಕಿತ್ತು ಬರುತ್ತದೆ. ಕರಗಿಸಿ, ಮರದ ಸ್ಪ್ಯಾಚುಲಾದಿಂದ ನಾರಿನ ದಿಕ್ಕಿನಲ್ಲೇ ಸುಲಿಯಿರಿ. ಲೋಹದ್ದು ನಾರನ್ನು ಕತ್ತರಿಸಿ ಸುಳ್ಳು ದಾರಿ ಮಾಡುತ್ತದೆ.

ಫೋಟೋಗೆ ತಿರುಗುಮಣೆ, ಒಂದು ಸುತ್ತಿಗೆ 36 ಫೋಟೋದಂತೆ ಮೂರು ಎತ್ತರದಿಂದ, ಒಂದಕ್ಕೊಂದು ಮುಕ್ಕಾಲು ಭಾಗ ಅತಿಕ್ರಮಿಸಿರಲಿ. ಒದ್ದೆ ಮಿದುಳಿನ ಹೊಳಪೇ ಇದರ ಶತ್ರು. ಹೊಳೆಯುವ ಚುಕ್ಕೆ ಪ್ರತಿ ಫೋಟೋದಲ್ಲೂ ಜಾಗ ಬದಲಿಸುವುದರಿಂದ ತಂತ್ರಾಂಶ ಅದನ್ನು ಗುಂಡಿ ಅಂತ ಓದುತ್ತದೆ. ಟಿಶ್ಯೂ ಕಾಗದದಿಂದ ಒತ್ತಿ ತೇವ ತೆಗೆಯಿರಿ, ದೀಪಕ್ಕೂ ಲೆನ್ಸಿಗೂ ಒಂದಕ್ಕೊಂದು ಅಡ್ಡವಾಗಿ ಪೋಲರೈಸರ್ ಹಾಕಿ. ಹಿನ್ನೆಲೆ ಕಪ್ಪು ಬಟ್ಟೆ. ಫೋನಿನ ಆಟೋ ವೈಟ್ ಬ್ಯಾಲೆನ್ಸ್ ಆಫ್.

ಫ್ಯಾಂಟಮ್_ಪಾಕಶಾಲೆ:
ಸಿಟಿಯಿಂದ ಬುರುಡೆ ಮಾಡುವವರಿಗೆ ಒಂದು ಎಚ್ಚರಿಕೆ. ಡೈಕಾಮ್, ಅಂದರೆ ಸಿಟಿಯ ಮೂಲ ಫೈಲಿನಿಂದ ಹೆಸರು ಅಳಿಸಿದರೆ ಗುರುತು ಹೋಯಿತು ಅಂತ ತಿಳಿಯಬೇಡಿ. ತೆಳು ಸ್ಲೈಸಿನ ಸಿಟಿಯಲ್ಲಿ ಚರ್ಮದ ಥ್ರೆಶೋಲ್ಡ್ ಇಟ್ಟರೆ ರೋಗಿಯ ಮುಖವೇ ಎದ್ದು ಬರುತ್ತದೆ, ಮನೆಯವರು ಗುರುತಿಸಬಹುದು. ಹಂಚುವ ಮೊದಲು ಮುಖದ ಭಾಗ ಕತ್ತರಿಸಿ. ಸ್ಕಿಲ್ ಲ್ಯಾಬಿನಿಂದ ಹೊರಗೆ ಹೋಗಬೇಕಾದ್ದು ಎಸ್‌ಟಿಎಲ್ ಮಾತ್ರ, ಡೈಕಾಮ್ ಅಲ್ಲ. ಎಥಿಕ್ಸ್ ಕಮಿಟಿಗೆ ಒಂದು ಪುಟದ ಅರ್ಜಿ ಮೊದಲೇ ಹಾಕಿಬಿಡಿ.

ಸ್ಕಿಲ್‌ಲ್ಯಾಬ್_ಹುಬ್ಬಳ್ಳಿ:
ಎಲ್ಲರಿಗೂ ಧನ್ಯವಾದ. ಈಗಿನ ಯೋಚನೆ: ಪ್ರಿಂಟರ್ ಒಂದು, ಸ್ಟೀರಿಯೋ ಮೈಕ್ರೋಸ್ಕೋಪ್ ಎರಡು, ಹೆಡ್‌ಸೆಟ್ ಒಂದು, ಟ್ಯಾಬ್ ನಾಲ್ಕು, ಲೋಡ್ ಸೆಲ್ ಸೆಟ್ಟು, ಅಗರೋಸ್, ಸಿಲಿಕೋನ್, ನೈಲಾನ್ ಬಿಲ್ಲೆ. ಕ್ಯಾಥೆಟರಿಗೆ ಏನು ಮಾಡೋದು? ಹೊಸದು ಪ್ರತಿಯೊಬ್ಬರಿಗೂ ಕೊಡೋಕೆ ಆಗಲ್ಲ. ಓಟಿ ಸ್ಟೋರಿನಲ್ಲಿ ಅವಧಿ ಮುಗಿದದ್ದು ಇದೆ.

ಮೊನ್ರೋ_ರಂಧ್ರ:
ಅವಧಿ ಮುಗಿದದ್ದೇ ಸಾಕು, ಒಂದನ್ನು ಹತ್ತಾರು ಸಲ ಬಳಸಬಹುದು. ಪ್ರತಿ ಸಲ ಸಿರಿಂಜಿನಿಂದ ನೀರು ಹಾಯಿಸಿ ತುದಿಯ ತೂತುಗಳಲ್ಲಿ ಸಿಕ್ಕಿದ ಅಗರ್ ತೆಗೆಯಿರಿ. ಅದು ಕಟ್ಟಿಕೊಂಡರೆ ವೆಂಟ್ರಿಕಲ್ ಮುಟ್ಟಿದರೂ ನೀರು ಬರದೆ ವಿದ್ಯಾರ್ಥಿ ಇನ್ನೂ ಆಳಕ್ಕೆ ತಳ್ಳುತ್ತಾನೆ. ಸ್ಟೈಲೆಟ್ ಬಾಗಿದ್ದರೆ ಬಿಸಾಡಿ, ನೇರ ಮಾಡಿದ್ದೂ ಮೆಲ್ಲಗೆ ಒಂದು ಬದಿಗೆ ಎಳೆಯುತ್ತದೆ. ಸ್ಟೋರಿನಿಂದ ಬಂದ ದಿನವೇ ಎಲ್ಲದರ ಹೊರತುದಿಗೆ ಕೆಂಪು ಟೇಪ್ ಸುತ್ತಿ, ಪ್ಯಾಕೆಟ್ ಹರಿದು, ತರಬೇತಿಗೆ ಮಾತ್ರ ಅಂತ ಬರೆದ ಡಬ್ಬಿಗೆ ಹಾಕಿ ಬೀಗ ಹಾಕಿ. ಮುಚ್ಚಿದ ಪ್ಯಾಕೆಟ್ಟಿನಲ್ಲೇ ಇಟ್ಟರೆ ಯಾವುದೋ ರಾತ್ರಿ ಅದು ಓಟಿಗೆ ವಾಪಸ್ ಹೋಗುತ್ತದೆ.